ಸರ್ವರ್ ಮುಂದಿನ ಕುರ್ಚಿ

ಅಕ್ಕಾವ್ರ ಎಡಗಾಲಿನ ಮೀನಖಂಡ ಮಾತ್ರ ಸದಾ ಒಣಗಿ, ಬೂದಿ ಬಳಿದಂತೆ ಬಿಳಿಚಿಕೊಂಡಿರುತ್ತಿತ್ತು. ಬಲಗಾಲು ಚೆನ್ನಾಗಿತ್ತು. ಟೇಬಲ್ಲಿನ ಕೆಳಗೆ ಎಡಗಡೆಗೆ ಒಂದು ಕರಿ ಡಬ್ಬಿ ಕೂತಿತ್ತು. ಅದು ದಿನವಿಡೀ ಬಿಸಿ ಗಾಳಿ ಊದುತ್ತಿತ್ತು, ಆ ಗಾಳಿ ನೇರ ಅದೇ ಕಾಲಿಗೆ ಬಡಿಯುತ್ತಿತ್ತು. ಊಟವಾದ ಮೇಲೆ ಸೀರೆ ಒಂಚೂರು ಎತ್ತಿ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದರು. "ಅದನ್ನ ಆ ಕಡೆ ಸರಸ್ರಿ" ಎಂದು ನಾನು ಹೇಳಿದರೆ, "ಅದು ಊದೂದು ನಿಂತ್ರ ಮೊದಲ ನನಗ ಗೊತ್ತಾಗಬೇಕು ಆಯಿ, ಇರ್ಲಿ ಬಿಡ್ರಿ" ಎನ್ನುತ್ತಿದ್ದರು.

ಅದು ಮನೆಗೆಲಸದ ಹೆಂಗಸರ ಸಂಘದ ಆಫೀಸು. ಪುಣೆಯ ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ ಎರಡು ಕೋಣೆ. ಅಕ್ಕಾವ್ರು ಅಲ್ಲಿ ಕ್ಲಾರ್ಕು. ವಯಸ್ಸಿನಲ್ಲಿ ನನಗಿಂತ ಏಳೆಂಟು ವರ್ಷ ಚಿಕ್ಕವರು. ಆದರೂ ಬಂದವರೆಲ್ಲ ಅಕ್ಕಾವ್ರೇ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ನಾನು ಕಸ ಹೊಡೆದು ಚಹಾ ಮಾಡುವವಳು, ಎಲ್ಲರಿಗೂ ಆಯಿ. ಅದಕ್ಕೆ ಮೊದಲು ಮೂವತ್ತು ವರ್ಷ ಕ್ಯಾಂಪಿನ ಕಡೆ ಮನೆಗಳಲ್ಲಿ ಪಾತ್ರೆ ತಿಕ್ಕಿದೆ. ಮೊಣಕಾಲು ಮಾತು ಕೇಳದಾದಾಗ ಸಂಘದವರು ಇಲ್ಲಿ ಇಟ್ಟುಕೊಂಡರು. ಮೂರನೇ ಇಯತ್ತೆ ಓದಿದ್ದೇನೆ, ಅಷ್ಟೇ. ಇದರಲ್ಲಿ ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿರಿ.

ಆ ಡಬ್ಬಿಗೆ ಸರ್ವರ್ ಅನ್ನುತ್ತಾರೆ. ಯಾವ ಹೆಂಗಸು ಎಷ್ಟು ವರ್ಷದಿಂದ ಯಾರ ಮನೆಯಲ್ಲಿ ದುಡಿದಳು, ಎಲ್ಲ ಅದರೊಳಗಿತ್ತು. ನಮ್ಮಂಥವರಿಗೆ ಕೆಲಸ ಮಾಡಿದ್ದಕ್ಕೆ ಯಾರು ಕಾಗದ ಬರೆದುಕೊಡುತ್ತಾರೆ? ಒಡತಿ ಸತ್ತರೆ, ಮನೆ ಮಾರಿಕೊಂಡು ಹೋದರೆ, ನಾವು ಅಲ್ಲಿ ಇದ್ದೆವು ಎನ್ನುವುದಕ್ಕೆ ಸಾಕ್ಷಿಯೇ ಇಲ್ಲ. ಮನೆಗೆಲಸದವರ ಸರಕಾರಿ ಕಾರ್ಡಿಗೆ ಸಂಘದ ಈ ದಾಖಲೆಯೊಂದೇ ಆಧಾರ. ಅದು ಹೋದರೆ ಇಪ್ಪತ್ತು ವರ್ಷ ದುಡಿದವಳೂ ನಿನ್ನೆ ಬಸ್ಸಿಳಿದು ಬಂದವಳೂ ಒಂದೇ.

ಕಿಟಕಿಯ ಹತ್ತಿರ ಇಬ್ಬರು ಹುಡುಗಿಯರು ಬೇರೆ ಕಂಪ್ಯೂಟರುಗಳಲ್ಲಿ ಹೆಸರು ಬರೆದುಕೊಳ್ಳುತ್ತಿದ್ದರು. ಅವರು ಬರೆದದ್ದೆಲ್ಲ ಬಂದು ಸೇರುವುದು ಸರ್ವರಿಗೆ. ಅಕ್ಕಾವ್ರಿಗೆಂದು ಬೇರೆ ಕಂಪ್ಯೂಟರ್ ಇರಲಿಲ್ಲ. ಅವರು ಸರ್ವರಿಗೇ ಪರದೆ, ಕೀಲಿಮಣೆ ಸಿಕ್ಕಿಸಿಕೊಂಡು ಅದರ ಮುಂದೆಯೇ ಕೂತರು. ಅರ್ಜಿ ಟೈಪು ಮಾಡುವುದು ಅದರಲ್ಲಿ, ರೇಲ್ವೆ ಟಿಕೆಟ್ ನೋಡುವುದು ಅದರಲ್ಲಿ, ಮಧ್ಯಾಹ್ನ ಸಣ್ಣ ದನಿಯಲ್ಲಿ ದಾಸರ ಪದ ಹಚ್ಚುವುದೂ ಅದರಲ್ಲೇ. ಶನಿವಾರ ಸಂಜೆ ಎಲ್ಲ ದಾಖಲೆಯನ್ನೂ ಅಂಗೈಯಗಲದ ಒಂದು ಡಿಸ್ಕಿಗೆ ನಕಲು ಮಾಡಿ ತಮ್ಮ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

ಮೆದುವಾದ ಹೆಂಗಸಲ್ಲ. ಕುಡಿದು ಬಂದು ಹೆಂಡತಿಯ ಕಾರ್ಡು ಕೇಳಿದ ಒಬ್ಬನಿಗೆ, "ಆಕಿ ದುಡದದ್ದು, ಆಕೀನ ಬರಲಿ. ನೀ ಏನ್ ದುಡದೀ ಅಂತ ಬರೀಲಿ, ಹೇಳು" ಎಂದರು. ಅವನು ಹೋದ. ತಮ್ಮ ಗಂಡನ ಸುದ್ದಿ ಎಂದೂ ತೆಗೆಯಲಿಲ್ಲ. ನಾನೂ ಕೇಳಲಿಲ್ಲ.

ಇಲ್ಲೇ ಕಂಪನಿಯಲ್ಲಿದ್ದ ಬೆಂಗಳೂರಿನ ಒಬ್ಬ ಇಂಜಿನಿಯರ್ ತಿಂಗಳಿಗೊಮ್ಮೆ ಪುಕ್ಕಟೆಯಾಗಿ ಬಂದು ಕಂಪ್ಯೂಟರ್ ನೋಡಿಕೊಂಡು ಹೋಗುತ್ತಿದ್ದ. ಒಳ್ಳೆಯವನು, ಸಕ್ಕರೆ ಇಲ್ಲದ ಚಹಾ ಕುಡಿಯುತ್ತಿದ್ದ. ಅವನಿಗೆ ಅಕ್ಕಾವ್ರು ಅಲ್ಲಿ ಕೂಡುವುದು ಕಣ್ಣಿಗಾಗುತ್ತಿರಲಿಲ್ಲ.

"ಮೇಡಮ್, ಸರ್ವರ್ ಮೇಲೆ ಯಾರೂ ಕೆಲ್ಸ ಮಾಡ್ಬಾರ್ದು. ಅದನ್ನ ಒಂದು ಕಡೆ ಇಟ್ಟು ಮರ್ತುಬಿಡ್ಬೇಕು."

"ಮರೀಲಿಕ್ಕೆ ಇಟ್ಟದ್ದೇನ್ರಿ ಅದನ್ನ?" ಎಂದರು ಅಕ್ಕಾವ್ರು.

"ನಿಮ್ ಕೈಯಿಂದ ಏನಾದ್ರೂ ಹೆಚ್ಚುಕಡಿಮೆ ಆದ್ರೆ?"

"ಆದ್ರ ನಾ ಇಲ್ಲೇ ಇರ್ತೀನಿ. ನೀವು ತಿಂಗಳಿಗೊಮ್ಮಿ ಬರಾವ್ರು."

ಹೆಚ್ಚುಕಡಿಮೆ ಆಯಿತು. ಸುಳ್ಳು ಯಾಕೆ ಹೇಳಲಿ? ಒಂದು ದಿನ ಹೊರಡುವ ಅವಸರದಲ್ಲಿ, ಮನೆಯ ದೀಪ ಆರಿಸಿದಂತೆ ಸರ್ವರಿನ ಬಟನ್ ಒತ್ತಿಬಿಟ್ಟರು. ಹೊರಗೆ ಹೆಂಗಸರ ಸಾಲಿತ್ತು. ಕಿಟಕಿಯ ಎರಡೂ ಪರದೆ ಸತ್ತವು, ಅರ್ಧ ಬರೆದ ಅರ್ಜಿಗಳೆಲ್ಲ ಹೋದವು. ಅಕ್ಕಾವ್ರು ಹೊರಗೆ ಬಂದು ಸಾಲಿನ ಮುಂದೆ ನಿಂತರು. "ತಪ್ಪು ನಂದು. ಯಾರೂ ಹುಡುಗ್ಯಾರಿಗೆ ಬೈಬ್ಯಾಡ್ರಿ" ಎಂದು ವಹಿ ತೆಗೆದು ಒಬ್ಬೊಬ್ಬರ ಹೆಸರನ್ನೂ ಕೈಯಿಂದ ಬರೆದುಕೊಂಡರು. ಮರುದಿನ ತಾವು ಹಣೆಗೆ ಹಚ್ಚುವ ಟಿಕಳಿ ಪಾಕೀಟಿನಿಂದ ಎಲ್ಲಕ್ಕಿಂತ ದೊಡ್ಡ ಕೆಂಪು ಟಿಕಳಿ ತೆಗೆದು ಆ ಬಟನ್ನಿಗೆ ಹಚ್ಚಿದರು. ಆಮೇಲೆ ಆ ತಪ್ಪು ಆಗಲಿಲ್ಲ.

ಆದರೆ ಮಾತು ಅಧ್ಯಕ್ಷರ ಕಿವಿಗೆ ಹೋಗಿತ್ತು. ನಮ್ಮ ಅಧ್ಯಕ್ಷರು ಸೊಲ್ಲಾಪುರದ ಹೆಂಗಸು, ಮಾತು ಅರ್ಧ ಕನ್ನಡ ಅರ್ಧ ಮರಾಠಿ, ಅಕ್ಕಾವ್ರನ್ನು ಬಾಯಿ ಎಂದು ಕರೆಯುತ್ತಿದ್ದರು. ಮೀಟಿಂಗು ಕರೆದರು. ಸರ್ವರನ್ನು ಉಕ್ಕಿನ ಕಪಾಟಿನಲ್ಲಿಟ್ಟು ಬೀಗ ಹಾಕುವುದು, ಕೀಲಿ ಅಧ್ಯಕ್ಷರ ಹತ್ತಿರ, ಅಕ್ಕಾವ್ರಿಗೆ ಯಾರೋ ಕೊಟ್ಟ ಹಳೆಯ ಕಂಪ್ಯೂಟರ್ ಎಂದು ಠರಾವಾಯಿತು. ನಕಲು ಇನ್ನು ಮೇಲೆ ತಾನೇ ಆಗುತ್ತದೆ ಎಂದ ಇಂಜಿನಿಯರ್.

"ಆಗ್ಲಿಲ್ಲಂದ್ರ ಯಾರು ನೋಡ್ತಾರ?" ಎಂದರು ಅಕ್ಕಾವ್ರು.

"ಬಾಯಿ, ತುಮ್ಹೀ ಭಾಳ ಹಟ ಮಾಡ್ತೀರಿ" ಎಂದರು ಅಧ್ಯಕ್ಷರು. ಎಲ್ಲರೂ ಕೈ ಎತ್ತಿದರು. ಕೈ ಎತ್ತದೆ ಕೂತವರು ಅಕ್ಕಾವ್ರೊಬ್ಬರೇ. ನನಗೆ ಎತ್ತುವ ಹಕ್ಕಿರಲಿಲ್ಲ.

ಅಂದಿನಿಂದ ಅವರು ಬೆಳಿಗ್ಗೆ ಬಂದ ಕೂಡಲೆ ಕಪಾಟಿನ ಬಾಗಿಲಿಗೆ ಅಂಗೈ ಇಟ್ಟು ನೋಡುತ್ತಿದ್ದರು, ಜ್ವರ ಬಂದ ಕೂಸಿನ ಹಣೆ ಮುಟ್ಟಿದಂತೆ. ಹುಡುಗಿಯರು ನಕ್ಕರೆ, "ನಗ್ರಿ, ಹಲ್ಲು ಅದಾವಲ್ಲ" ಎನ್ನುತ್ತಿದ್ದರು.

ದಸರೆಯ ಹಿಂದಿನ ದಿನ ಖಂಡೇನವಮಿ. ಪುಣೆಯಲ್ಲಿ ರಿಕ್ಷಾದಿಂದ ಹಿಡಿದು ಹೊಲಿಗೆ ಯಂತ್ರದ ತನಕ ಎಲ್ಲಕ್ಕೂ ಪೂಜೆ. ಅಧ್ಯಕ್ಷರು ಕಪಾಟು ತೆರೆದರು. ಅಕ್ಕಾವ್ರು ಆ ಹೊತ್ತಿಗೆ ಅರ್ಜಿ ಹಿಡಿದು ಸರಕಾರಿ ಆಫೀಸಿಗೆ ಹೋಗಿದ್ದರು. ನಾನು ಅರಿಶಿನ ಕುಂಕುಮ ಹಚ್ಚಿದೆ, ಕುಪ್ಪಸದ ಹೊಸ ಖಣ ಹೊದಿಸಿದೆ, ದಪ್ಪನೆಯ ಚೆಂಡುಹೂವಿನ ಮಾಲೆಯನ್ನು ಡಬ್ಬಿಯ ಮುಂದೆ ಎರಡು ಸುತ್ತು ಸುತ್ತಿದೆ. ಅಧ್ಯಕ್ಷರು ಕೈಮುಗಿದು ಬೀಗ ಹಾಕಿಕೊಂಡು ಲೋಣಾವಳೆಯ ಮಗಳ ಮನೆಗೆ ಹೋದರು. ಡಬ್ಬಿ ಆ ಮುಖದಿಂದಲೇ ಉಸಿರಾಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಅಲ್ಲಿಂದ ಎಬ್ಬಿಸಿದ್ದೆವು.

ದಸರೆಯ ಬೆಳಿಗ್ಗೆ ಅಕ್ಕಾವ್ರು ನನ್ನ ಮನೆಗೆ ಬಂದರು. "ಆಯಿ, ಆಫೀಸಿನ ಬಾಗಿಲಾ ತೆಗೀರಿ. ಹಬ್ಬ ಅಂತ ಮುಟ್ಟಿ ನೋಡೂದು ಬಿಡಲೇನು?" ಸೊಕ್ಕಿನ ಹೆಂಗಸು ಎಂದು ಬೈದುಕೊಂಡೇ ಹೋದೆ.

ಕಪಾಟಿನ ಬಾಗಿಲು ತವೆಯಂತೆ ಸುಡುತ್ತಿತ್ತು. ಒಳಗೆ ಗರಗರ, ನಡುನಡುವೆ ಕಟ್ ಕಟ್ ಎಂದು ಏನೋ ಕಡಿದಂತೆ ಸಪ್ಪಳ. ಅಧ್ಯಕ್ಷರಿಗೆ ಫೋನ್ ಮಾಡಿದರು. "ಆಜ್ ಹಬ್ಬ ಅದ ಬಾಯಿ. ಕೀಲಿ ನನ್ನ ಹತ್ರ ಅದ. ನಾಳೆ ಬಂದು ನೋಡೂಣು." ಇಂಜಿನಿಯರ್ ಫೋನ್ ಎತ್ತಲಿಲ್ಲ.

"ಮೇನ್ ಸ್ವಿಚ್ ತೆಗದಬಿಡ್ಲೇನ್ರಿ?" ಎಂದೆ.

"ಬ್ಯಾಡ. ಆ ಕಟ್ ಕಟ್ ಕೇಳ್ರಿ. ಈಗ ಮಲಗಿದ್ರ ಮತ್ತ ಏಳೂದಿಲ್ಲ. ಉಸರು ಇರೂದ್ರಾಗ ಹೆಸರು ಹೊರಗ ತಗೀಬೇಕು." ಬೀಗದ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಮುರೀತೀನಿ. ಕೆಲಸಾ ಹೋದ್ರ ಹೋಗ್ಲಿ."

ಅವರ ಕೈ ಟೈಪು ಮಾಡುವ ಕೈ. ನಾನು ಚಹಾಕ್ಕೆ ಶುಂಠಿ ಜಜ್ಜುವ ಕಲ್ಲು ತಂದೆ. ನಾಲ್ಕನೇ ಏಟಿಗೆ ಬೀಗ ಬಿತ್ತು.

ಬಾಗಿಲು ತೆರೆದರೆ ಬೆಂದ ಚೆಂಡುಹೂವಿನ ವಾಸನೆ. ಮಾಲೆ ಡಬ್ಬಿಯ ಬಾಯಿಗೆ ಅಂಟಿತ್ತು. ಮಾಲೆ ಯಾರದೆಂದು ಅವರು ಕೇಳಲಿಲ್ಲ. "ನಾ ಹಾಕಿದ್ದು" ಎಂದೆ. "ಆಮ್ಯಾಲ ಮಾತಾಡೂಣು, ಗಾಳಿ ಹಾಕ್ರಿ" ಎಂದರು. ನಾನು ರಟ್ಟಿನ ಫೈಲು ಹಿಡಿದು ಬೀಸುತ್ತ ನಿಂತೆ. ಅವರು ಪರದೆ ಸಿಕ್ಕಿಸಿ, ಚೀಲದಿಂದ ಡಿಸ್ಕು ತೆಗೆದು ನಕಲು ಹಚ್ಚಿದರು. ತಾನೇ ಆಗುತ್ತದೆ ಎಂದಿದ್ದ ನಕಲು ಕಪಾಟಿಗೆ ಹಾಕಿದ ವಾರದಿಂದಲೇ ಆಗಿರಲಿಲ್ಲ. ಆಗಿಲ್ಲ ಎಂದು ಅದು ಪರದೆಯ ಮೇಲೆ ದಿನವೂ ಬರೆದಿತ್ತಂತೆ. ಪರದೆಯನ್ನು ನಾವು ಕಿತ್ತಿದ್ದೆವಲ್ಲ.

ಎರಡು ತಾಸು ಬೀಸಿದೆ. ನನ್ನ ಕೈ ಸೋತಾಗ ಅವರು ಬೀಸಿದರು. ನಕಲು ಮುಗಿಯಿತು ಎಂದು ಬಂದ ಮೇಲೂ ಅವರು ಡಿಸ್ಕನ್ನು ಹಳೆಯ ಕಂಪ್ಯೂಟರಿಗೆ ಹಾಕಿ ಹೆಸರುಗಳನ್ನು ತೆರೆದು ನೋಡಿದರು. ನನ್ನದೂ ಇತ್ತು. ಆಮೇಲೆ ಸರ್ವರನ್ನು ಆರಿಸಿದರು. ಅದು ಮತ್ತೆ ಏಳಲಿಲ್ಲ.

ಮೀಟಿಂಗಿನಲ್ಲಿ ಅಧ್ಯಕ್ಷರು ಮುರಿದ ಬೀಗವನ್ನು ಟೇಬಲ್ ಮೇಲಿಟ್ಟರು. "ಕೋಣಾಚ್ಯಾ ಪರವಾನಗಿ ಮೇಲೆ ಮುರದ್ರಿ?"

"ಯಾರ ಪರವಾನಗೀನೂ ಇಲ್ಲ" ಎಂದರು ಅಕ್ಕಾವ್ರು. "ನಾಳೆ ಹಿಂಗ ಆದ್ರ ನಾಳೇನೂ ಮುರೀತೀನಿ. ಹೊಸಾ ಬೀಗ ತರೂದಿದ್ರ ಹಗುರಂದು ತರ್ರಿ, ಆಯಿಗೆ ಕೈರಟ್ಟಿ ನೋಯ್ತಾವ."

ಯಾರೋ ನಕ್ಕರು. ಇಂಜಿನಿಯರ್ ತಲೆ ತಗ್ಗಿಸಿಕೊಂಡೇ ಹೇಳಿದ: "ನಾನು ಹೇಳಿದ್ದು ಈಗ್ಲೂ ಸರೀನೇ ಮೇಡಮ್. ಸರ್ವರ್ ಮೇಲೆ ಕೆಲ್ಸ ಮಾಡ್ಬಾರ್ದು. ಆದ್ರೆ ನೋಡ್ಕೊಳ್ಳೋರು ಇಲ್ದೇ ಇರೋ ಕಡೆ ಅದನ್ನ ಇಟ್ಟಿದ್ದು ನನ್ ತಪ್ಪು." ಹೊಸ ಡಬ್ಬಿ ತಂದಾಗ ಅದನ್ನು ಅಕ್ಕಾವ್ರ ಟೇಬಲ್ ಕೆಳಗೇ ಇಟ್ಟ. ಬಟನ್ ಒತ್ತಿದರೂ ಆರದಂತೆ ಒಳಗೆ ಏನೋ ಮಾಡಿಕೊಟ್ಟ. ಅಕ್ಕಾವ್ರು ಅವನ ಮುಂದೆಯೇ ಐದು ಸಲ ಒತ್ತಿ ನೋಡಿ, "ಹೂಂ, ಈಗ ಚಹಾ ಕುಡೀರಿ" ಎಂದರು.

ನನಗೆ ಅಕ್ಷರ ಒತ್ತುವುದನ್ನು ಅವರೇ ಕಲಿಸಿದರು. ಒಂದೇ ಬೆರಳು ಸಾಕು, ಬಾಕಿ ಒಂಬತ್ತು ಶೃಂಗಾರಕ್ಕೆ ಎಂದರು. ಹೆಸರು ಹುಡುಕುವುದು, ನಕಲು ಹಚ್ಚುವುದು, ಆಯಿತೋ ಇಲ್ಲವೋ ಓದುವುದು. ಇಷ್ಟೇ ನನ್ನ ವಿದ್ಯೆ.

ಹೋದ ಬೇಸಿಗೆಯಲ್ಲಿ ಅಕ್ಕಾವ್ರು ಹೋದರು. ಎದೆನೋವು ಎಂದು ಆಸ್ಪತ್ರೆಗೆ ಸೇರಿದ್ದು ಸೋಮವಾರ, ಹೆಣ ಬಂದದ್ದು ಬುಧವಾರ. ನಾನು ಅಳಲಿಲ್ಲ. ಅತ್ತರೆ ಅವರು ಬೈಯುತ್ತಿದ್ದರು.

ಹದಿಮೂರು ದಿನ ಆಗಿರಲಿಲ್ಲ, ಅಧ್ಯಕ್ಷರು ಇಬ್ಬರು ಹಮಾಲರನ್ನು ಕರೆದುಕೊಂಡು ಬಂದರು. "ಈಗ ಕೂಡಾವ್ರು ಯಾರೂ ಇಲ್ಲ ಆಯಿ. ಸರ್ವರ್ ಕಪಾಟಿನಾಗ ಇಡೂಣು, ಸುರಕ್ಷಿತ."

ನಾನು ಕಸಬರಿಗೆ ಮೂಲೆಗಿಟ್ಟೆ, ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಆ ಕುರ್ಚಿಯಲ್ಲಿ ಕೂತೆ.

"ನಾ ಅದೀನಲ್ಲ."

"ತುಮ್ಹಾಲಾ ಏನ್ ತಿಳೀತದ ಇದರಾಗ?"

"ಮೂರು ಕೆಲಸಾ ತಿಳೀತಾವ. ಕಪಾಟಿಗೆ ಒಂದೂ ತಿಳಿಯೂದಿಲ್ಲ."

ಅಷ್ಟರಲ್ಲಿ ಒಬ್ಬಳು ಒಳಗೆ ಬಂದು ನಿಂತಳು. ಹದಿನಾರು ವರ್ಷ ದುಡಿದ ಮನೆಯವರು ನೀನು ಯಾರೆಂದೇ ಗೊತ್ತಿಲ್ಲ ಎಂದರಂತೆ, ಕಾರ್ಡಿಗೆ ಕಾಗದ ಬೇಕಿತ್ತು. ಹಮಾಲರು ನಿಂತೇ ಇದ್ದರು. ನಾನು ಹೆಸರು ಕೇಳಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಎರಡು ಸಲ ತಪ್ಪಿತು. ಅಧ್ಯಕ್ಷರು ಗಡಿಯಾರ ನೋಡಿದರು, ನಾನು ಮೇಲೆ ನೋಡಲಿಲ್ಲ. ಮೂರನೇ ಸಲಕ್ಕೆ ಆಕೆ ಪರದೆಯ ಮೇಲೆ ಬಂದಳು, ಫೋಟೋ ಸಮೇತ, ಹದಿನಾರು ವರ್ಷ ಸಮೇತ.

"ಇದು ನೀನ ಏನವಾ?" ಎಂದು ಪರದೆ ತಿರುಗಿಸಿ ತೋರಿಸಿದೆ.

"ಹೌದ್ರಿ ಆಯಿ, ನಾನ" ಎಂದಳು.

ಹಮಾಲರಿಗೆ ಚಹಾ ಕುಡಿದು ಹೋಗಿ ಎಂದೆ.