ನೆರಳು ಗೋಡೆಯ ಕುಳ್ಳು

ಊರಿನ ಹೆಸರನ್ನೇ ಸರಿಯಾಗಿ ಹೇಳಲು ಬಾರದವನಿಗೆ ಆ ಊರಿನಲ್ಲಿ ಏನು ಕೆಲಸ? ಆ ಮನುಷ್ಯನನ್ನು ನೋಡಿದ ಮೊದಲ ದಿನವೇ ನನಗೆ ಹೀಗನ್ನಿಸಿತು. ನಮ್ಮ ತಾಲ್ಲೂಕನ್ನು ಬಳ್ಳಾರಿಯಿಂದ ತೆಗೆದು ದಾವಣಗೆರೆಗೆ ಸೇರಿಸಿ ಒಂದೆರಡು ವರ್ಷವಾಗಿತ್ತು. ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ನಾನು ಸೌತೆಕಾಯಿ ಬುಟ್ಟಿ ಇಟ್ಟುಕೊಂಡು ಕೂತಿದ್ದೆ. ನನ್ನ ಅಳಿಯ ಅವನನ್ನು ಕರೆದುಕೊಂಡು ಬಂದ. ಅಳಿಯ ಎಂದರೆ ನನ್ನ ತಮ್ಮನ ಮಗನೇ. ನಾನೇ ಎತ್ತಿ ಆಡಿಸಿದ್ದರಿಂದ, ಮಗಳನ್ನು ಕೊಟ್ಟ ಮೇಲೂ ‘ಲೇ’ ಅನ್ನುವುದು ಬಿಟ್ಟಿಲ್ಲ. ಕೊಟ್ಟೂರಿನಲ್ಲಿ ಒಂದು ಜೀಪು ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಿದ್ದ.

ಬಂದವನು ಮೈಸೂರು ಕಡೆಯವನು. ಅರ್ಧ ತಲೆ ನೆರೆತಿತ್ತು. ಕೈಯಲ್ಲಿದ್ದ ಇಂಗ್ಲಿಷ್ ನಕ್ಷೆಯನ್ನು ನನ್ನ ಬುಟ್ಟಿಯ ಮೇಲೆಯೇ ಹಾಸಿ ಬೆರಳಿಟ್ಟ.

“ಕೂಡ್ಲಿಗಿಯಿಂದ ಹೊರಟು ಕೊಟ್ಟೂರು, ಆಮೇಲೆ ಕೋಗಲಿ, ಹಗರಿಬೊಮ್ಮನಹಳ್ಳಿ, ಹಿನ್ನೀರು, ಹಡಗಳಿ, ಬಾಗಲಿ, ಕೊನೆಗೆ ಉಚ್ಚಂಗಿದುರ್ಗ. ಮೂರು ದಿನದ ದಾರಿ. ಸರಿಹೋಗುತ್ತಾ ಅಮ್ಮ?”

“ಕೋಗಲಿ ಅಲ್ರಿ, ಕೋಗಳಿ. ಬಾಗಲಿ ಅಲ್ಲ, ಬಾಗಳಿ. ಹಡಗಳಿ ಅಲ್ಲ, ಹಡಗಲಿ. ನಿಮಗ ಳ ಬರ್ತೈತೋ ಇಲ್ಲೋ?”

“ಬರ್ತೈತಿ ಅತ್ತಿ, ತಪ್ಪು ಜಾಗದಾಗ ಬರ್ತೈತಿ ಅಷ್ಟ,” ಅಂದ ಅಳಿಯ.

ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಬಸ್ಸಿನ ಹಣೆಯ ಮೇಲೆ ಬರೆದಿರುತ್ತಾರಲ್ಲ, ಅದನ್ನೇ ನೋಡಿ ನೋಡಿ ಅಕ್ಷರ ಕಲಿತೆ. ಮೊದಲು ಓದಿದ್ದು ‘ಕೂಡ್ಲಿಗಿ’. ಹಡಗಲಿಯ ಲ, ಕೋಗಳಿಯ ಳ ನನಗೆ ಬೇರೆ ಬೇರೆ ಬಸ್ಸು. ಒಂದರ ಬದಲು ಇನ್ನೊಂದು ಹತ್ತಿದರೆ ಸಂಜೆ ಮನೆ ಸೇರುವುದಿಲ್ಲ. ಅದಕ್ಕೇ ಅಕ್ಷರ ತಪ್ಪಿಸುವವರನ್ನು ಕಂಡರೆ ನನಗಾಗುವುದಿಲ್ಲ.

“ಈ ದಾರಿ ಯಾರಿಗ್ರಿ?” ಎಂದು ಕೇಳಿದೆ.

“ಕಾರಲ್ಲಿ ಬರೋರಿಗೆ ಅಮ್ಮ. ಬೆಟ್ಟ, ನೀರು, ಹಳೇ ಗುಡಿ ನೋಡ್ಕೊಂಡು ಹೋಗೋರಿಗೆ. ಒಂದು ಸಣ್ಣ ಪುಸ್ತಕ ಮಾಡ್ತಿದ್ದೀವಿ.”

“ನೋಡಿ ಏನ್ ಮಾಡ್ತಾರ?”

“ಏನೂ ಇಲ್ಲ. ನೋಡ್ತಾರೆ, ಅಷ್ಟೇ.”

ಆ ‘ಅಷ್ಟೇ’ ನನಗೆ ಹಿಡಿಸಲಿಲ್ಲ. ನಾನು ಹುಟ್ಟಿದ ಊರು ಹಗರಿಬೊಮ್ಮನಹಳ್ಳಿ ಸೀಮೆಯದು. ನನಗೆ ಐದಾರು ವರ್ಷವಿದ್ದಾಗ ಅಲ್ಲಿಗೂ ಮೂವರು ಬಂದಿದ್ದರು, ‘ಸುಮ್ಮನೆ ನೋಡಾಕ’ ಅಂತ. ನಮ್ಮವ್ವ ಅವರಿಗೆ ಮಜ್ಜಿಗೆ ಕೊಟ್ಟಳು. ಮುಂದಿನ ಸಲ ಸರಪಳಿ ತಂದು ಅಳೆದರು. ಅದರ ಮುಂದಿನ ಸಲ ನಮ್ಮ ಬಾಗಿಲ ಪಕ್ಕ ಸುಣ್ಣದಲ್ಲಿ ಗೀಟು ಹಾಕಿದರು. ನೀರು ಇಲ್ಲಿಯವರೆಗೆ ಬರುತ್ತದೆ ಎಂದರು. ಗೀಟಿನವರೆಗೆ ಎಲ್ಲಿ ಬಂತು, ಮಾಳಿಗೆ ಮೇಲೆ ಬಂತು. ಊರು ಈಗಲೂ ಅಣೆಕಟ್ಟಿನ ಹಿನ್ನೀರಿನ ಕೆಳಗೆ ಇದೆ. ಆವತ್ತಿನಿಂದ, ಸುಮ್ಮನೆ ನೋಡಲು ಬಂದೆ ಅನ್ನುವವನ ಕೈ ನೋಡುತ್ತೇನೆ, ಸರಪಳಿ ಇದೆಯಾ ಅಂತ.

ಈಗಿನ ನನ್ನ ಮನೆ ಹರಪನಹಳ್ಳಿಗೂ ಹಡಗಲಿಗೂ ನಡುವಿನ ಒಂದು ಹಳ್ಳಿಯಲ್ಲಿ, ಡಾಂಬರು ರಸ್ತೆಯಿಂದ ಎರಡು ಹೊಲ ದಾಟಿದರೆ ಸಿಗುತ್ತದೆ. ಅಲ್ಲೊಂದು ಹಾಳು ಗುಡಿ ಇತ್ತು. ಅದರ ಒಂದು ಗೋಡೆ ಮಾತ್ರ ಉಳಿದಿತ್ತು. ನಮ್ಮ ಮಾವ ಆ ಗೋಡೆಗೆ ಒತ್ತಿ ಮನೆ ಕಟ್ಟಿದ್ದ. ಹಾಗಾಗಿ ನಮ್ಮ ಹಿತ್ತಲ ಗೋಡೆ ಎಂದರೆ ಗುಡಿಯ ಗೋಡೆಯೇ. ಅದರ ತುಂಬ ಅಕ್ಷರ. ಬಸ್ಸಿನ ಮೇಲಿನ ಅಕ್ಷರದಂತಿಲ್ಲ, ಶಂಖದ ಹುಳ ಹರಿದಾಡಿದಂತಿವೆ. ನನಗೆ ಓದಲು ಬರುವುದಿಲ್ಲ, ಓದಬೇಕೆಂದು ಆಸೆಯೂ ಇಲ್ಲ. ಬಸ್ ನಿಲ್ದಾಣದಲ್ಲಿ ಕೂತವಳ ಕಿವಿಗೆ ಹತ್ತೂರಿನ ಸುದ್ದಿ ಬೀಳುತ್ತದೆ. ಎಲ್ಲೋ ಒಂದು ಊರಲ್ಲಿ ಇಂಥದೇ ಗುಡಿಯ ಮುಂದೆ ಸರಕಾರದವರು ನೀಲಿ ಬೋರ್ಡು ನೆಟ್ಟರಂತೆ, ಪಕ್ಕದ ಮನೆಯವರು ಇನ್ನು ಒಂದು ಇಟ್ಟಿಗೆಯನ್ನೂ ಇಡುವಂತಿಲ್ಲವಂತೆ. ಇವತ್ತು ಇಟ್ಟಿಗೆ ಇಡಬೇಡ ಅಂದವರು ನಾಳೆ ಏಳು ಅನ್ನುತ್ತಾರೆ. ಒಂದು ಸಲ ಎದ್ದಿದ್ದೇನೆ. ಎರಡನೇ ಸಲ ಏಳುವವಳಲ್ಲ.

“ಅತ್ತಿ, ನೀನೂ ಬಾ. ನಿನಗ ಎಲ್ಲಾ ಊರೂ ಗೊತ್ತು,” ಅಂದ ಅಳಿಯ. ತನ್ನ ಜೀಪಿಗೆ ಕಾಯಂ ಗಿರಾಕಿ ಸಿಗುತ್ತಾರೆಂದು ಅವನಿಗೆ ಹುರುಪು. ನಾನು ಒಪ್ಪಿದೆ. ಮನೆಯಲ್ಲಿ ಕೂತರೆ ಅವರು ಎಲ್ಲಿಗೆ ಹೋದರೆಂದು ತಿಳಿಯುವುದಿಲ್ಲ. ಜೊತೆಗಿದ್ದರೆ ಜೀಪನ್ನು ನಮ್ಮೂರಿನಿಂದ ಆಚೆಗೆ ತಿರುಗಿಸಬಹುದು.

ಹೊರಡುವ ಹಿಂದಿನ ದಿನ ಇನ್ನೊಂದು ಕೆಲಸ ಮಾಡಿದೆ. ಓಣಿಯಲ್ಲಿದ್ದ ಸಗಣಿಯನ್ನೆಲ್ಲ ಬಳಿದು ತಂದು ಹಿತ್ತಲ ಗೋಡೆಗೆ ಕುಳ್ಳು ಬಡಿದೆ, ಮೈಸೂರು ಕಡೆಯವರು ಬೆರಣಿ ಅನ್ನುತ್ತಾರಲ್ಲ, ಅದು. ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ, ಒಂದು ಅಕ್ಷರವೂ ಕಾಣದ ಹಾಗೆ.

ಮೊದಲ ದಿನ ಕೂಡ್ಲಿಗಿ ಕಡೆಯ ಗುಡ್ಡಗಳು. ಬಂಡೆ ಕಂಡಲ್ಲೆಲ್ಲ ಇಳಿಯುತ್ತಿದ್ದ. ‘ಬೆಳಿಗ್ಗೆ ಬಿಸಿಲು ಚೆಂದ’ ಎಂದು ಬರೆದುಕೊಳ್ಳುತ್ತಿದ್ದ. ಬಿಸಿಲು ಚೆಂದ ಅಂದವನನ್ನು ನಾನು ಕಂಡದ್ದು ಅವನೊಬ್ಬನನ್ನೇ. ಅವನು ಬಂಡೆ ಹತ್ತಿದಾಗ ನಾನು ಅವನ ಚೀಲ ತೆಗೆದು ನೋಡಿದೆ. ಕ್ಯಾಮೆರಾ ಕವರು, ಬಿಸ್ಕತ್ತು, ಒಂದು ಅಂಗಿ. ಅಡಿಯಲ್ಲಿ ಸುತ್ತಿಟ್ಟ ಅಳತೆ ಟೇಪು.

“ಲೇ, ಇವನ ಹತ್ರ ಟೇಪ್ ಐತಿ,” ಎಂದೆ ಅಳಿಯನಿಗೆ.

“ಐತಿ. ಓಣ್ಯಾಗ ಕಾರು ತಿರುಗ್ತೈತೋ ಇಲ್ಲೋ ಅಳಿಯಾಕ. ಪಾಪ ಮನುಷ್ಯಾನ ಚೀಲಾ ಯಾಕ ಕೆದಕ್ತಿ ಅತ್ತಿ? ಬಿಸ್ಕೀಟ್ ಬೇಕಿದ್ರ ಕೇಳಿದ್ರ ಕೊಡ್ತಿದ್ದ.”

ಎರಡನೇ ದಿನ ಕೋಗಳಿ. ಬಸದಿಯ ಮುಂದೆ ಕೂತಿದ್ದ ಮುದುಕನೊಬ್ಬ ನಮ್ಮನ್ನು ನೋಡಿದವನೇ, “ನಿಧಿ ತಗಿಯಾಕ ಬಂದೀರೇನು?” ಎಂದು ಕೇಳಿದ.

“ಇಲ್ಲ ತಾತ, ನೋಡೋಕೆ.”

“ಹಿಂದ ಬಂದವ್ರೂ ಹಂಗ ಅಂದಿದ್ರು. ನೋಡ್ತಾ ನೋಡ್ತಾ ಆಳುದ್ದ ಗುಂಡಿ ತೋಡಿದ್ರು.”

ಆ ಮುದುಕನೊಬ್ಬನೇ ನನಗೆ ಬುದ್ಧಿವಂತನಂತೆ ಕಂಡ.

ಮಧ್ಯಾಹ್ನ ಹಿನ್ನೀರಿಗೆ ಬಂದೆವು. ದೀಪಾವಳಿ ಕಳೆದಿತ್ತು, ನೀರು ತುಂಬಿತ್ತು. ಅವನು ದಂಡೆಯ ಮೇಲೆ ನಿಂತು, “ಎಷ್ಟು ಚೆನ್ನಾಗಿದೆ! ಇಲ್ಲಿ ಅರ್ಧ ದಿನ ಇರಬೇಕು,” ಅಂದ.

“ನಾವು ಎಂಟು ವರ್ಷ ಇದ್ವಿ,” ಎಂದೆ.

ಅವನಿಗೆ ತಿಳಿಯಲಿಲ್ಲ. ಅಳಿಯ ಬಿಡಿಸಿ ಹೇಳಿದ, ಅತ್ತಿಯ ತವರು ಈ ನೀರಿನಾಗ ಐತಿ ಅಂತ. ಅವನು ಅಯ್ಯೋ ಅನ್ನಲಿಲ್ಲ. ಅದೊಂದು ನನಗೆ ಸೇರಿತು. ಪುಸ್ತಕ ತೆಗೆದು, “ಊರಿನ ಹೆಸರೇನಮ್ಮ? ಲ ಯಾವುದು, ಳ ಯಾವುದು, ನೀವೇ ಹೇಳಿ,” ಅಂದ. ಹೇಳಿದೆ. ಅಕ್ಷರ ಅಕ್ಷರವಾಗಿ ಬರೆದುಕೊಂಡ. ಮುಳುಗಿದ ಊರಿನ ಹೆಸರು ಇವನಿಗೆ ಯಾಕೆ ಎಂದು ಜೀಪಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ.

ಮೂರನೇ ದಿನ ಹಡಗಲಿಯಿಂದ ವಾಪಸು ಬರುವಾಗ ನಾನು ಎಚ್ಚರದಿಂದ ಮುಂದಿನ ಸೀಟಿನಲ್ಲಿ ಕೂತಿದ್ದೆ. ನಮ್ಮೂರಿನ ಕ್ರಾಸು ಹತ್ತಿರ ಬಂತು.

“ನೇರ ಹೊಡಿ. ಬಾಗಳಿ ಕೆರಿ ನೋಡ್ಲಿ, ಹೊತ್ತಾಗತೈತಿ,” ಎಂದೆ.

“ನಿನ್ನ ಮನ್ಯಾಗ ಮಜ್ಜಿಗಿ ಕುಡಿದು ಹೋಗಾನ ಅತ್ತಿ.”

“ಮಜ್ಜಿಗಿ ಇಲ್ಲ.”

“ನೀರರ ಐತಿಲ್ಲ?” ಅಂದವನೇ ಜೀಪನ್ನು ಒಳಗೆ ತಿರುಗಿಸಿದ. ಅಷ್ಟಕ್ಕೇ ಬಿಡದೆ ಹಿಂದಕ್ಕೆ ತಿರುಗಿ, “ಸರ, ನಮ್ಮ ಅತ್ತಿ ಹಿತ್ತಲದಾಗ ನೀವು ನೋಡೋವಂಥ ಗ್ವಾಡಿ ಐತ್ರಿ, ತುಂಬಾ ಅಕ್ಷರ,” ಅಂದ. ಆ ಗಳಿಗೆ ಅವನ ಬಾಯಿಗೇ ಒಂದು ಕುಳ್ಳು ಬಡಿಯಬೇಕೆನಿಸಿತು.

ಹಿತ್ತಲಿಗೆ ಹೋದರು. ಗೋಡೆಯ ತುಂಬ ಹಸಿ ಹಸಿ ಕುಳ್ಳು, ನನ್ನ ಐದು ಬೆರಳಿನ ಗುರುತಿನೊಂದಿಗೆ. ಅಳಿಯ ಬಾಯಿ ತೆರೆದು ನಿಂತ. ಆ ಮನುಷ್ಯ ಗೋಡೆ ನೋಡಿದ, ತಲೆಯ ಮೇಲಿನ ಬೇವಿನ ಮರ ನೋಡಿದ, ಸೂರ್ಯ ಎಲ್ಲಿದ್ದಾನೆಂದು ನೋಡಿದ. ಬಿಸಿಲು ಬರೆದುಕೊಳ್ಳುವವನಲ್ಲವೇ.

“ಅಮ್ಮ, ಈ ಗೋಡೆಗೆ ಬಿಸಿಲು ಬೀಳಲ್ಲ ಅಲ್ವಾ?”

“ಇಲ್ಲ.”

“ಮುಂದಿನ ಗೋಡೆಗೆ ಬೀಳುತ್ತೆ.”

“ಬೀಳ್ತೈತಿ.”

“ಮತ್ತೆ ಕುಳ್ಳು ಇಲ್ಲಿ ಯಾಕೆ ಬಡಿದ್ರಿ?”

ಎಂಥ ತಪ್ಪು ಮಾಡಿದ್ದೆ! ಹುಟ್ಟಿದಾಗಿನಿಂದ ಕುಳ್ಳು ಬಡಿದವಳು ನಾನು. ನೆರಳು ಗೋಡೆಗೆ ಯಾರೂ ಬಡಿಯುವುದಿಲ್ಲವೆಂದು ಅವನು ಕೇಳುವವರೆಗೆ ಹೊಳೆದಿರಲಿಲ್ಲ.

“ನನ್ನ ಗ್ವಾಡಿ, ನನ್ನ ಸಗಣಿ,” ಎಂದೆ.

ಅವನು ಚೀಲಕ್ಕೆ ಕೈ ಹಾಕಿದ. ಟೇಪು ತೆಗೆದರೆ ಕಿತ್ತುಕೊಳ್ಳಲು ನಾನು ತಯಾರಾಗಿದ್ದೆ. ತೆಗೆದದ್ದು ಕ್ಯಾಮೆರಾ. ಕುಳ್ಳಿನ ಗೋಡೆಯ ಒಂದು ಫೋಟೋ ಹೊಡೆದುಕೊಂಡ. ನೀರು ಕುಡಿದು ಹೊರಟ. ಕುಳ್ಳು ಕಿತ್ತು ನೋಡುತ್ತೇನೆ ಅನ್ನಲಿಲ್ಲ, ಊರಿನ ಹೆಸರು ಕೇಳಲಿಲ್ಲ. ಕೇಳದಿದ್ದುದಕ್ಕೇ ನನಗೆ ಇನ್ನೂ ಭಯವಾಯಿತು. ಕೇಳುವವನಿಗಾದರೂ ಸುಳ್ಳು ಹೇಳಬಹುದು.

ಮುಂದೆ ಒಂದು ವರ್ಷ, ನಮ್ಮ ಓಣಿಗೆ ಪ್ಯಾಂಟು ಹಾಕಿದವರು ಯಾರು ಬಂದರೂ ಎದ್ದು ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಜನಗಣತಿಯ ಮೇಷ್ಟ್ರು ಬಾಗಿಲ ಮೇಲೆ ನಂಬರು ಬರೆದು ಹೋದಾಗ ಒರೆಸಿಹಾಕಿದೆ. ಅವರು ಮತ್ತೆ ಬಂದು ಬೈದು ಬರೆದರು.

ಆಮೇಲೊಂದು ದಿನ ಅಳಿಯ ಪುಸ್ತಕ ತಂದು ಬಸ್ ನಿಲ್ದಾಣದಲ್ಲಿ ನನ್ನ ಮಡಿಲಿಗೆ ಹಾಕಿದ. ಕನ್ನಡದ್ದೇ. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಕೋಗಳಿ ಕೋಗಳಿಯೇ ಇತ್ತು, ಬಾಗಳಿ ಬಾಗಳಿಯೇ, ಹಡಗಲಿ ಹಡಗಲಿಯೇ. ಒಂದು ಲವೂ ಒಂದು ಳವೂ ತಪ್ಪಿರಲಿಲ್ಲ. ನಡುವೆ ಪುಟದ ತುಂಬ ನನ್ನ ಕುಳ್ಳಿನ ಗೋಡೆ. ಕೆಳಗೆ ಊರಿನ ಹೆಸರಿತ್ತು. ಎರಡು ಸಲ ಓದಿದೆ. ಅದು ನಮ್ಮೂರಲ್ಲ. ನನ್ನ ತವರಿನ ಹೆಸರು, ನೀರಿನ ಕೆಳಗಿನದು.

“ತಪ್ಪು ಹಾಕ್ಯಾನ ಅತ್ತಿ. ಪತ್ರ ಬರೀಲೇನು?” ಅಂದ ಅಳಿಯ.

“ಸುಮ್ನ ಕುಂದ್ರಲೇ. ಬರದ್ರ ನಿನ್ನ ಕೈ ಮುರೀತೀನಿ.”

ಎಲ್ಲ ಅಕ್ಷರ ಸರಿ ಬರೆದವನು ಇದೊಂದನ್ನು ಹೇಗೆ ತಪ್ಪಿಸಿದ? ಮರೆತು ಹಾಕಿದನೋ, ತಿಳಿದೇ ಹಾಕಿದನೋ, ನನಗೆ ಇವತ್ತಿಗೂ ಗೊತ್ತಿಲ್ಲ. ತಿಳಿದೇ ಹಾಕಿದ್ದರೆ ಅವನಿಗೆ ಅದರಿಂದ ಏನು ಲಾಭವೆಂದೂ ಗೊತ್ತಿಲ್ಲ. ಹಾಗಾಗಿ ಅವನ ಮೇಲಿನ ಅನುಮಾನವನ್ನು ಪೂರ್ತಿ ಬಿಟ್ಟಿಲ್ಲ. ನೆರಳು ಗೋಡೆಗೆ ವರ್ಷಕ್ಕೊಮ್ಮೆ ಈಗಲೂ ಕುಳ್ಳು ಬಡಿಯುತ್ತೇನೆ. ಒಣಗುವುದಿಲ್ಲ, ಹುಳ ಹಿಡಿದು ಉದುರುತ್ತವೆ. ಮತ್ತೆ ಬಡಿಯುತ್ತೇನೆ.

ಆ ಪುಸ್ತಕ ಹಿಡಿದು ಒಂದು ಸಲ ಗಂಡ ಹೆಂಡತಿ ಕಾರಿನಲ್ಲಿ ಬಂದಿದ್ದರು. ಬಸ್ ನಿಲ್ದಾಣದಲ್ಲಿ ಇಳಿದು, ನನ್ನ ಗೋಡೆಯ ಚಿತ್ರಕ್ಕೆ ಬೆರಳಿಟ್ಟು, ನನ್ನನ್ನೇ ಕೇಳಿದರು, “ಅಜ್ಜಿ, ಈ ಊರಿಗೆ ದಾರಿ ಯಾವುದು?”

“ಈಗ ಇಲ್ರಿ. ಬ್ಯಾಸಿಗ್ಯಾಗ ಬರ್ರಿ, ನೀರು ಇಳೀತೈತಿ,” ಎಂದು ಹೇಳಿ ಎರಡು ಸೌತೆಕಾಯಿ ಹೆಚ್ಚಿ ಕೊಟ್ಟೆ.