ಕೆಂಪು ದರ್ಭೆ

ಅಹಲ್ಯಮ್ಮನವರ ಮನೆ ಹುಡುಕುವವರಿಗೆ ಏಪ್ರಿಲ್ ತಿಂಗಳಲ್ಲಿ ನಂಬರು ಬೇಕಾಗುತ್ತಿರಲಿಲ್ಲ. ಡ್ಯಾಂಡಿನಾಂಗ್ ಸ್ಟೇಷನ್ನಿನಲ್ಲಿ ಬಸ್ಸು ಹತ್ತಿ, ಫ್ಯಾಕ್ಟರಿಗಳ ಗೋಡೆ ಮುಗಿದ ಮೇಲೆ ಇಳಿದರೆ, ಯಾವ ಮನೆಯ ಮುಂದೆ ಹುಲ್ಲು ಕುಂಕುಮದ ಹಾಗೆ ಕೆಂಪಗಿದೆಯೋ ಅದೇ ಮನೆ. ಹಿಂದಿನ ಸಾಲಿನಲ್ಲಿ ಆಳೆತ್ತರದ ಹುಲ್ಲು. ಅದರ ತೆನೆ ಚಾಮರದಂತೆ ಬೆಳ್ಳಗೆ, ಎಲೆಗಳು ಚಳಿ ಬಿದ್ದಂತೆಲ್ಲ ಬೆಲ್ಲದ ಬಣ್ಣಕ್ಕೆ ತಿರುಗುತ್ತಿದ್ದವು; ಈ ದೇಶದಲ್ಲಿ ಏಪ್ರಿಲ್ ಎಂದರೆ ಶರತ್ಕಾಲ. ಮುಂದಿನ ಸಾಲಿನಲ್ಲಿ ಮೊಣಕಾಲೆತ್ತರದ ಕೆಂಪು ಹುಲ್ಲು. ಸಂಜೆ ಬಿಸಿಲು ಹಿಂದಿನಿಂದ ಬಿದ್ದಾಗ ಒಂದೊಂದು ಎಸಳೂ ಒಳಗೇ ದೀಪ ಹೊತ್ತಿಸಿಕೊಂಡಂತೆ ಕಾಣುತ್ತಿತ್ತು. ದಾರಿಯಲ್ಲಿ ನಾಯಿ ಹಿಡಿದುಕೊಂಡು ಹೋಗುವವರು ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದರು.

ಆ ಕೆಂಪು ತಾನಾಗಿ ಉಳಿಯುತ್ತಿರಲಿಲ್ಲ. ನಡುನಡುವೆ ಹಸಿರು ಮೊಳಕೆ ಏಳುತ್ತಿತ್ತು. ಗಿಡ ಮಾರಿದ ಹೆಂಗಸು ಮೊದಲೇ ಕೈಸನ್ನೆ ಮಾಡಿ ತಿಳಿಸಿದ್ದಳು: ಹಸಿರು ಕಂಡರೆ ಬೇರು ಸಮೇತ ಕಿತ್ತುಬಿಡು, ಬಿಟ್ಟರೆ ಕೆಂಪನ್ನೆಲ್ಲ ನುಂಗಿಹಾಕುತ್ತದೆ. ಅಹಲ್ಯಮ್ಮನವರಿಗೆ ಇಂಗ್ಲಿಷು ಅಷ್ಟಕ್ಕಷ್ಟೆ, ಆದರೆ ಗಿಡದ ಮಾತು ಅರ್ಥವಾಗುತ್ತಿತ್ತು. ಶನಿವಾರ ಶನಿವಾರ ಮಣೆ ಹಾಕಿಕೊಂಡು ಕೂತು, ಹಳೆಯ ಅಡುಗೆಮನೆ ಚಾಕುವಿನಿಂದ ಹಸಿರನ್ನು ಬಗೆದು ತೆಗೆಯುತ್ತಿದ್ದರು. ಶರತ್ಕಾಲ ಮುಗಿದು ಎಲ್ಲ ಒಣಗಿದರೂ ಕತ್ತರಿಸುತ್ತಿರಲಿಲ್ಲ; ಚಳಿಗಾಲದ ಕೊನೆಗೆ ಒಮ್ಮೆ ಬುಡಕ್ಕೆ ಬೋಳಿಸಿದರೆ ಸಾಕು, ಮತ್ತೆ ಚಿಗುರುತ್ತಿತ್ತು.

ಅವರು ನಂಜನಗೂಡಿನವರು. ಗಂಡ ಶ್ರೀಕಂಠಯ್ಯ ಬಸ್ ಡಿಪೋದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಮೇಲೆ ಇಬ್ಬರೂ ಮಕ್ಕಳಿದ್ದ ಈ ದೇಶಕ್ಕೆ ಬಂದರು. ಈ ಮನೆ ದೊಡ್ಡ ಮಗ ವಿಕ್ರಮನದು. ಚಿಕ್ಕವನು ಪ್ರತಾಪ್, ವಿಮಾನದಲ್ಲಿ ಹೋಗುವಷ್ಟು ದೂರದ ಸಿಡ್ನಿಯ ಮಾರ್ಸ್ಡನ್ ಪಾರ್ಕ್ ಬಡಾವಣೆಯಲ್ಲಿ. ಮನೆಯ ಮುಂದೆ ರಂಗೋಲಿ ಹಾಕೋಣವೆಂದರೆ ಇಲ್ಲಿ ಇದ್ದದ್ದು ಮರದ ತೊಗಟೆಯ ಚೂರು ಹರಡಿದ ನೆಲ. ಅದರ ಬದಲಿಗೆ ಅಹಲ್ಯಮ್ಮ ಹುಲ್ಲು ನೆಟ್ಟರು.

"ಹೂ ಬಿಡಲ್ಲ, ಕಾಯಿ ಬಿಡಲ್ಲ, ಮೇಯಕ್ಕೆ ದನಾನೂ ಇಲ್ಲ. ಯಾರಿಗೆ ಬೆಳೀತಿದೀಯೆ ಇದನ್ನ?" ಎಂದು ಶ್ರೀಕಂಠಯ್ಯ ಕಿಚಾಯಿಸುತ್ತಿದ್ದರು.

"ನೋಡೋರಿಗೆ."

"ನೋಡೋರ್ಯಾರು?"

"ಕಾಫಿ ಲೋಟ ಹಿಡ್ಕೊಂಡು ದಿನಾ ಇಲ್ಲೇ ಬಂದು ಕೂರೋರು ಯಾರೋ ಅವರು."

ಕೊರೋನಾ ಬಂದ ಮೊದಲ ವರ್ಷದ ಏಪ್ರಿಲ್‌ನಲ್ಲಿ ಶ್ರೀಕಂಠಯ್ಯ ನಿದ್ದೆಯಲ್ಲೇ ಹೋದರು. ರೋಗವಲ್ಲ, ಎದೆ ನಿಂತಿತು. ವಿಮಾನಗಳು ನಿಂತಿದ್ದವು, ಮನೆ ಬಿಟ್ಟು ಯಾರೂ ಹೊರಡುವ ಹಾಗಿರಲಿಲ್ಲ. ಪ್ರತಾಪ್ ಅಪ್ಪನ ಕ್ರಿಯೆಯನ್ನು ಫೋನಿನಲ್ಲಿ ನೋಡಿದ. ಊರಿನ ಪುರೋಹಿತರು ಇನ್ನೊಂದು ಫೋನಿನಲ್ಲಿ ಮಂತ್ರ ಹೇಳಿದರು. ದರ್ಭೆ ಎಲ್ಲೂ ಸಿಗಲಿಲ್ಲ. "ಆಪತ್ಕಾಲ, ಇರೋದ್ರಲ್ಲೇ ಮಾಡಿ" ಎಂದರು. ಅಹಲ್ಯಮ್ಮ ಹೊರಗೆ ಹೋಗಿ ತಮ್ಮ ಕೆಂಪು ಹುಲ್ಲನ್ನೇ ಒಂದು ಹಿಡಿ ತಂದರು. ವಿಕ್ರಮ್ ಅದನ್ನು ಹುರಿಮಾಡಿ ಬೆರಳಿಗೆ ಪವಿತ್ರ ಹಾಕಿಕೊಂಡ.

ಫೋನಿನಿಂದ ಪ್ರತಾಪನ ದನಿ ಬಂತು. "ಏನದು ಬೆರಳಲ್ಲಿ? ಶೋಗೆ ಬೆಳೆಸಿರೋ ಹುಲ್ಲಾ? ಅಪ್ಪಂಗೆ ಶೋ ಹುಲ್ಲಾ?"

"ಹಂಗಾದ್ರೆ ನೀನೇ ಬಂದು ಕಟ್ಕೊ" ಎಂದ ವಿಕ್ರಮ್.

ಬರಲಾರದವನಿಗೆ ಆಡಿದ ಮಾತು ಅದು. ಫೋನು ಕತ್ತಲಾಯಿತು. ಅಂದಿನಿಂದ ಅಣ್ಣ ತಮ್ಮಂದಿರ ನಡುವೆ ಮಾತಿಲ್ಲ. ಪ್ರತಿ ವರ್ಷ ಅಪ್ಪನ ತಿಥಿ ಬರುವುದು ಹುಲ್ಲು ಕಡುಕೆಂಪಾಗುವ ದಿನಗಳಲ್ಲೇ. ಜನ ಫೋಟೊ ತೆಗೆಯುವಾಗ ಅಹಲ್ಯಮ್ಮ ಪರದೆ ಎಳೆದು ಒಳಗೆ ಹೋಗಿಬಿಡುತ್ತಿದ್ದರು. ಕಿತ್ತು ಬಿಸಾಡಲು ಮನಸ್ಸಿರಲಿಲ್ಲ. ಗಂಡ ಕೂತು ನೋಡಿದ ಹುಲ್ಲು.

ಚಳಿಗಾಲಕ್ಕೆ ಅಹಲ್ಯಮ್ಮ ಪ್ರತಾಪನ ಮನೆಗೆ ಹೋಗಿ ಎರಡು ತಿಂಗಳು ಇದ್ದು ಬರುವ ರೂಢಿ. ಮಾರ್ಸ್ಡನ್ ಪಾರ್ಕಿನಲ್ಲಿ ಎಲ್ಲ ಮನೆಗಳೂ ಒಂದೇ ಅಚ್ಚಿನವು, ಮರಗಳಿನ್ನೂ ಕಡ್ಡಿ. ಜಗಳಕ್ಕೂ ಮುಂಚೆ ಅಹಲ್ಯಮ್ಮ ಅವನಿಗೆ ಹುಲ್ಲಿನ ಒಂದು ಬುಡ ಸೀಳಿ ಕುಂಡದಲ್ಲಿ ಕೊಟ್ಟಿದ್ದರು. ಅದು ಹಿತ್ತಲಲ್ಲಿ ಏಸಿ ಪೆಟ್ಟಿಗೆಯ ಹಿಂದೆ ಬಿದ್ದಿತ್ತು. ನೋಡುವವರಿಲ್ಲದೆ ಕೆಂಪೆಲ್ಲ ಹೋಗಿ ಹಸಿರು ಜೊಂಪೆಯಾಗಿತ್ತು. ಮಾತಿನ ನಡುವೆ ಅವರು "ಅಣ್ಣ" ಎಂದರೆ ಸಾಕು, ಅವನು ಟೀವಿ ದನಿ ಏರಿಸುತ್ತಿದ್ದ.

ಅಹಲ್ಯಮ್ಮನವರಿಗೆ ಇದ್ದದ್ದು ಒಂದೇ ಆಸೆ. ತಾವು ಕಣ್ಣು ಮುಚ್ಚುವುದರೊಳಗೆ ಒಂದು ಸಲವಾದರೂ ಇಬ್ಬರೂ ಅಪ್ಪನ ತಿಥಿಗೆ ಒಟ್ಟಿಗೆ ಕೂರಬೇಕು. ತಾವು ಹೋದಾಗ ಹೇಗೋ, ಅದನ್ನು ಯೋಚಿಸಲು ಹೋಗುತ್ತಿರಲಿಲ್ಲ.

ಈ ವರ್ಷ ಪ್ರತಾಪ್ ತಾನಾಗಿ ಫೋನ್ ಮಾಡಿದ. ಕೆಲಸದ ಮೇಲೆ ಮೈಸೂರಿಗೆ ಹೋಗಿದ್ದ, ಅಲ್ಲಿಂದಲೇ ಮಾಡಿದ್ದು. "ಅಮ್ಮ, ತಿಥಿಗೆ ಬರ್ತೀನಿ. ಊರಿಂದ ದರ್ಭೆ ನಾನೇ ತರ್ತಿದೀನಿ, ಹೊಳೆ ಪಕ್ಕದ್ದು. ಅಲ್ಲಿ ಯಾರೂ ಏನೂ ತರೋದು ಬೇಡ ಅಂತ ಹೇಳ್ಬಿಡು."

ಯಾರಿಗೆ ಹೇಳಬೇಕೆಂದು ಅವರು ಕೇಳಲಿಲ್ಲ. ವಿಕ್ರಮನಿಗೆ ತಿಳಿಸಿದಾಗ ಅವನು "ಸರಿ, ಅವನದೇ ಆಗಲಿ ಬಿಡು" ಎಂದು ಪುರೋಹಿತರಿಗೂ ಹೇಳಿದ. ಇಲ್ಲಿನ ಪುರೋಹಿತರು ಲಕ್ಷ್ಮೀಶ ಭಟ್ಟರು. ವಾರವೆಲ್ಲ ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಿ, ರಜಾದಿನ ಪಂಚೆ ಉಡುವವರು.

ತಿಥಿ ಭಾನುವಾರ ಬಿತ್ತು. ಶನಿವಾರ ಅಹಲ್ಯಮ್ಮ ಬೆಳಗಿನಿಂದ ಹುಲ್ಲಿನ ಮುಂದೆ ಕೂತರು. ಪ್ರತಾಪ್ ಗೇಟಿನೊಳಗೆ ಕಾಲಿಟ್ಟಾಗ ಅಂಗಳ ಲಕ್ಷಣವಾಗಿ ಕಾಣಲಿ ಎಂದು ಒಂದೊಂದು ಹಸಿರೆಸಳನ್ನೂ ಹುಡುಕಿ ತೆಗೆದು, ಹಸಿರು ಮುಚ್ಚಳದ ಕಸದ ಬಿನ್ನಿಗೆ ಹಾಕಿದರು.

"ಅತ್ತೆ, ಸಾಕು ಏಳಿ, ಸೊಂಟ ಹಿಡ್ಕೊಳ್ಳತ್ತೆ" ಎಂದಳು ಸೊಸೆ ಮಾಧುರಿ. "ಅವರು ಹುಲ್ಲು ನೋಡಕ್ಕೆ ಬರ್ತಿಲ್ಲ."

"ಬರೋದೇ ದೊಡ್ಡದು ಕಣೆ. ಬಂದಾಗ ಚೆಂದ ಇರಲಿ."

ಭಾನುವಾರ ಬೆಳಿಗ್ಗೆ ಪ್ರತಾಪ್ ಟ್ಯಾಕ್ಸಿಯಲ್ಲಿ ಬಂದ. ವಿಕ್ರಮ್ ಏರ್‌ಪೋರ್ಟಿಗೆ ಬರುತ್ತೇನೆಂದು ಅಮ್ಮನ ಕೈಲಿ ಹೇಳಿಸಿದ್ದರೂ ತಮ್ಮ ಒಪ್ಪಿರಲಿಲ್ಲ. ತಾಯಿಯ ಕಾಲು ಮುಟ್ಟಿದ, ಅತ್ತಿಗೆಯನ್ನು ವಿಚಾರಿಸಿದ, ಸ್ನಾನ ಮಾಡಿ ಪಂಚೆ ಉಟ್ಟು ಬಂದ. ಅಣ್ಣನಿಗೆ ತಲೆ ಆಡಿಸಿದ, ಅಷ್ಟೆ. ಹಾಲ್‌ನಲ್ಲಿ ಸೋಫಾ ಸರಿಸಿ ಮಣೆ ಹಾಕಿತ್ತು. ಇಬ್ಬರೂ ಅಕ್ಕಪಕ್ಕ ಕೂತದ್ದನ್ನು ಅಹಲ್ಯಮ್ಮ ಅಡುಗೆಮನೆಯಿಂದ ನೋಡಿದರು. ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ದರ್ಭೆ ಕೊಡಿ" ಎಂದರು ಭಟ್ಟರು.

ಪ್ರತಾಪ್ ಪಂಚೆಯ ಅಂಚು ಸರಿಮಾಡಿಕೊಂಡ.

"ನೀವೇ ತರ್ತೀರಿ ಅಂದಿದ್ರಲ್ಲ?"

"ಸಿಡ್ನಿ ಏರ್‌ಪೋರ್ಟಲ್ಲಿ ತಗೊಂಡ್ಬಿಟ್ರು" ಎಂದ, ನೆಲ ನೋಡುತ್ತ. "ಹೊರದೇಶದ ಹುಲ್ಲು, ಒಣಗಿದ್ರೂ ಒಳಗೆ ಬಿಡಲ್ಲಂತೆ. ಇಳಿಯೋವಾಗ ತುಂಬಿಸೋ ಕಾರ್ಡಲ್ಲಿ ಬರೆದಿದ್ದೆ. ಆದ್ರೂ ಬಿನ್ನಿಗೆ ಹಾಕಿದ್ರು."

"ಮೊದ್ಲೇ ಒಂದು ಮಾತು ಹೇಳಬಾರದಿತ್ತಾ ನೀವು? ನನ್ನ ಹತ್ರ ಒಂದು ಕಟ್ಟಿತ್ತು. ನಿನ್ನೆ ಇನ್ನೊಬ್ಬರಿಗೆ ಕೊಟ್ಬಿಟ್ಟೆ."

ಪ್ರತಾಪ್ ಏಕೆ ಹೇಳಲಿಲ್ಲವೆಂದು ತಾಯಿಗೆ ಗೊತ್ತಿತ್ತು. ಹೇಳಬೇಕಾಗಿದ್ದದ್ದು ಅಣ್ಣನಿಗೆ. ಅವರ ಕಣ್ಣು ವಿಕ್ರಮನ ಬಾಯಿಯ ಮೇಲೇ ನೆಟ್ಟಿತ್ತು. ಇಷ್ಟು ವರ್ಷ ನುಂಗಿಕೊಂಡದ್ದಕ್ಕೆ ಒಂದು ಮಾತು ಆಡಿದರೆ ಸಾಕು, ಪ್ರತಾಪ್ ಎದ್ದುಹೋಗುತ್ತಾನೆ, ಮತ್ತೆ ಬರುವುದಿಲ್ಲ. ವಿಕ್ರಮನ ತುಟಿ ಅಲುಗಿತು. ಅವನು ಎದುರಿಗಿದ್ದ ಪಂಚಪಾತ್ರೆಯನ್ನು ಎತ್ತಿ ಸ್ವಲ್ಪ ಆಚೆಗಿಟ್ಟ. ಮತ್ತೆ ಈಚೆಗಿಟ್ಟ.

ಭಟ್ಟರು ಅಡುಗೆಮನೆಯತ್ತ ತಿರುಗಿದರು. "ಹೊರಗೆ ಕೆಂಪು ಹುಲ್ಲು ಬೆಳೆಸಿದೀರಲ್ಲಮ್ಮ, ಬರೋವಾಗ ಎಸಳು ಮುಟ್ಟಿ ನೋಡಿದೆ. ಅದು ದರ್ಭೆ ಜಾತಿದೇ. ಬಣ್ಣಕ್ಕೆ ಅಂತ ಬೆಳೆಸ್ತಾರೆ ಇಲ್ಲಿ. ಅದರಲ್ಲೇ ಹಸಿರು ಎದ್ದಿರತ್ತೆ ನೋಡಿ, ಅದು ಊರಿನ ಥರದ್ದೇ. ಅದನ್ನ ನಾಲ್ಕು ಎಸಳು ತನ್ನಿ, ಆಗತ್ತೆ."

ಅಹಲ್ಯಮ್ಮ ಹೊರಗೆ ಓಡಿದರು. ಸಾಲಿನ ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಎಲ್ಲ ಕೆಂಪು. ಒಂದು ಹಸಿರೆಸಳಿಲ್ಲ. ಬಿನ್ನಿನ ಮುಚ್ಚಳ ತೆಗೆದು ಮೊಣಕೈವರೆಗೆ ಕೈ ಹಾಕಿದರು. ನಿನ್ನೆಯ ಹುಲ್ಲು ತರಕಾರಿ ಸಿಪ್ಪೆಯ ಕೆಳಗೆ ಬಾಡಿ ಬಿದ್ದಿತ್ತು. ಹಿಂದೆ ಯಾರೋ ಮುಚ್ಚಳ ಹಿಡಿದರು. ಪ್ರತಾಪ್.

"ಏನಮ್ಮ ಮಾಡ್ತಿದೀಯ?"

"ನಿನ್ನೆ ಎಲ್ಲ ಕಿತ್ತುಬಿಟ್ಟೆ ಕಣೋ. ನೀನು ಬರ್ತೀಯ ಅಂತ."

ಬಾಗಿಲಿಗೆ ಬಂದ ಭಟ್ಟರು "ಬಿಸಾಕಿದ್ದು ಬೇಡಮ್ಮ" ಎಂದರು. "ಕೆಂಪೇ ತನ್ನಿ. ಬುಡದಲ್ಲಿ ಹಸಿರಿದೆಯಲ್ಲ. ಕೆಂಪು ಆಗಬಾರದು ಅಂತ ನಾನೆಲ್ಲೂ ಓದಿಲ್ಲ. ಆಗತ್ತೆ ಅಂತಾನೂ ಓದಿಲ್ಲ. ಹೊತ್ತು ಮೀರ್ತಿದೆ."

ಅಹಲ್ಯಮ್ಮ ಕೈ ತೊಳೆದು ಬಂದು ಒಂದು ಹಿಡಿ ಕೊಯ್ದರು. ಭಟ್ಟರು ಎರಡು ಪವಿತ್ರ ಮಾಡಿದರು. ವಿಕ್ರಮ್ ಮೊದಲು ತೊಟ್ಟುಕೊಂಡ. ಪ್ರತಾಪ್ ತನ್ನದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ.

"ಅವತ್ತು ಹಾಕಿದ್ದೂ ಇದೇನಾ?"

ಯಾರನ್ನು ಕೇಳಿದನೋ ತಿಳಿಯಲಿಲ್ಲ. ವಿಕ್ರಮ್ "ಹೂಂ" ಎಂದ.

"ಫೋನಲ್ಲಿ ಪ್ಲಾಸ್ಟಿಕ್ ಥರ ಕಾಣಿಸ್ತಿತ್ತು" ಎಂದು ಪ್ರತಾಪ್ ಅದನ್ನು ಬೆರಳಿಗೆ ಹಾಕಿಕೊಂಡ.

ಕರ್ಮ ನಡೆಯಿತು. ಎಳ್ಳು ನೀರು ಇಬ್ಬರ ಕೈಯಿಂದಲೂ ಇಳಿಯಿತು. ಊಟಕ್ಕೆ ಕೂತಾಗ ಮಾಧುರಿ ಬಡಿಸಿದಳು; ಅಣ್ಣ ತಮ್ಮ ಇಬ್ಬರೂ ಚೆನ್ನಾಗಿದೆ ಎಂದರು, ಅವಳಿಗೆ, ಬೇರೆ ಬೇರೆಯಾಗಿ. ಕ್ಷಮೆ ಕೇಳುವುದಾಗಲಿ ಅಳುವುದಾಗಲಿ ಆಗಲಿಲ್ಲ. ಹೊರಡುವ ಹೊತ್ತಿಗೆ ವಿಕ್ರಮ್ ಕೇಳದೆಯೇ ಕಾರು ತೆಗೆದ. ಪ್ರತಾಪ್ ಈ ಸಲ ಬೇಡ ಎನ್ನಲಿಲ್ಲ. ಆದರೆ ಬ್ಯಾಗನ್ನು ಮುಂದಿನ ಸೀಟಿಗಿಟ್ಟು ತಾನು ಹಿಂದೆ ಕೂತ. ಕಿಟಕಿಯ ಹತ್ತಿರ ನಿಂತ ತಾಯಿಗೆ ಇದ್ದಕ್ಕಿದ್ದಂತೆ ಹೇಳಿದ:

"ನಮ್ಮನೇಲಿರೋ ಕುಂಡ ಪೂರ್ತಿ ಹಸಿರಾಗಿದೆ ಅಮ್ಮ. ಕಳೆ ಅಂತ ಎಸೆಯೋಣ ಅಂತಿದ್ದೆ."

"ಎಸೀಬೇಡ."

"ಹೂಂ."

"ಮುಂದಿನ ವರ್ಷ ಅದರಿಂದ ನಾಲ್ಕು ಎಸಳು ತಗೊಂಡು ಬಾ. ಸಿಡ್ನಿಯಿಂದ ಇಲ್ಲಿಗೆ ಯಾರೂ ಕಿತ್ಕೊಳಲ್ಲ ಅನ್ಸತ್ತೆ."

"ನೋಡೋಣ" ಎಂದ. ಕಾರು ಹೊರಟಿತು. ಹಿಂದಿನ ಗಾಜಿನಲ್ಲಿ ಎರಡು ತಲೆಗಳು, ಒಂದು ಮುಂದೆ, ಒಂದು ಹಿಂದೆ, ಎರಡೂ ನೇರ ದಾರಿಯನ್ನೇ ನೋಡುತ್ತಿದ್ದವು. ಏರ್‌ಪೋರ್ಟಿನವರೆಗೆ ಏನು ಮಾತಾಡಿದರೋ, ಆಡಲೇ ಇಲ್ಲವೋ, ವಿಕ್ರಮ್ ಹೇಳಲಿಲ್ಲ, ತಾಯಿಯೂ ಕೇಳಲಿಲ್ಲ.

ಆಮೇಲೆ ಅಹಲ್ಯಮ್ಮ ಗೇಟಿನ ಪಕ್ಕದ ಒಂದು ಮೂಲೆಯಲ್ಲಿ ಹಸಿರನ್ನು ಕೀಳುವುದು ಬಿಟ್ಟರು. ಅಲ್ಲಿ ಕೆಂಪು ತೆಳುವಾಗುತ್ತ ಬಂತು. ಮಾಧುರಿ ತೋರಿಸಿದರೆ "ಇರಲಿ ಬಿಡು" ಎನ್ನುತ್ತಿದ್ದರು. ಭಾನುವಾರ ಪ್ರತಾಪನ ಫೋನು ಬಂದಾಗ ಅಣ್ಣನ ಸುದ್ದಿ ಎತ್ತುತ್ತಿರಲಿಲ್ಲ. ಊಟ, ಕೆಲಸ, ಮಳೆ ಎಲ್ಲ ಆದ ಮೇಲೆ ಒಂದೇ ಪ್ರಶ್ನೆ.

"ಕುಂಡಕ್ಕೆ ನೀರು ಹಾಕಿದ್ಯಾ?"

ಆ ಕಡೆ ಟೀವಿಯ ದನಿ ತಗ್ಗುತ್ತಿತ್ತು.

"ಹಾಕ್ದೆ ಅಮ್ಮ."