ಹೆಸರಿಲ್ಲದ ದೇಣಿಗೆ

ನಾನು ಪಾಠ ಹೇಳುವ ಜಮಖಂಡಿಯ ಕಾಲೇಜಿನಲ್ಲಿ ದಾನಿಗಳ ಹೆಸರಿಲ್ಲದ ವಸ್ತು ಸಿಗುವುದು ಕಷ್ಟ. ಗೋಡೆ ಗಡಿಯಾರದ ಮೇಲೆ ಒಬ್ಬರ ಹೆಸರು, ನೀರಿನ ಟಾಕಿಯ ಮೇಲೆ ಇನ್ನೊಬ್ಬರದು, ಫ್ಯಾನಿನ ರೆಕ್ಕೆಗಳ ಮೇಲಂತೂ ಇಡೀ ಮನೆತನದ್ದು. ತಿರುಗುವ ಫ್ಯಾನಿನ ಮೇಲಿನ ಹೆಸರನ್ನು ಕಣ್ಣಿದ್ದವರಾದರೂ ಹೇಗೆ ಓದುತ್ತಾರೋ! ನನಗೆ ಕಾಲೇಜು ಕಲಿಯುವಾಗಲೇ ಕಣ್ಣು ಹೋದವು.

ಆಮೇಲೆ ನನ್ನನ್ನು ಎತ್ತಿ ನಿಲ್ಲಿಸಿದ್ದು ಒಂದು ಸ್ಕ್ರೀನ್ ರೀಡರ್. ಕಂಪ್ಯೂಟರಿನ ಪರದೆಯ ಮೇಲಿದ್ದುದನ್ನು ಕನ್ನಡದಲ್ಲೇ ಓದಿ ಹೇಳುವ ಪ್ರೋಗ್ರಾಮು ಅದು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಅದನ್ನು ಬರೆದವರಲ್ಲಿ ನನ್ನಂಥ ಕುರುಡರೂ ಇದ್ದಾರೆ. ಬನಹಟ್ಟಿಯ ನಮ್ಮ ಮನೆಯಲ್ಲಿ, ಮಗ್ಗದ ಸದ್ದಿನ ನಡುವೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅದನ್ನು ಕಲಿತೆ. ಅದನ್ನೇ ನೆಚ್ಚಿ ಎಂ.ಎ. ಮುಗಿಸಿದೆ, ಇತಿಹಾಸ ಕಲಿಸುವ ಕೆಲಸ ಹಿಡಿದೆ. ಅದಿಲ್ಲದಿದ್ದರೆ ದಿನವೂ ಅವರಿವರ ಕಣ್ಣು ಕಡ ಕೇಳುತ್ತ ತಿರುಗಬೇಕು.

ಕಳೆದ ವರ್ಷ ಕಾಲೇಜಿನ ಸಾಮಾನುಗಳ ತಪಾಸಣೆ ಮುಗಿದ ಮರುದಿನ, ನಾನು ಸ್ಕ್ರೀನ್ ರೀಡರ್ ಹಾಕಿಕೊಂಡಿದ್ದ ಸ್ಟಾಫ್‌ರೂಮಿನ ಕಂಪ್ಯೂಟರ್ ಶುರು ಮಾಡಿದೆ. ಮಾತೇ ಇಲ್ಲ. ನನ್ನ ಪಾಠಗಳೆಲ್ಲ ಅದರೊಳಗೇ ಇದ್ದವು. ಆಫೀಸಿಗೆ ಹೋಗಿ ಕೇಳಿದರೆ ಸೂಪರಿಂಟೆಂಡೆಂಟರು ಆರಾಮಾಗಿ ಹೇಳಿದರು:

“ಅದನ್ನ ತಗದೇವ್ರಿ ಮೇಡಂ. ಅದಕ್ಕ ಬಿಲ್ಲೂ ಇಲ್ಲ, ದೇಣಿಗಿ ಕೊಟ್ಟವ್ರ ಹೆಸರೂ ಇಲ್ಲ. ನಾಳೆ ಕಳುವಿನ ಮಾಲು ಅಂದ್ರ ಯಾರ್ ಜವಾಬ್ದಾರ್ರಿ?”

“ಕಳುವಿಂದಲ್ರೀ. ಎಲ್ಲಾರಿಗೂ ಅಂತ ಪುಕ್ಕಟೆ ಕೊಟ್ಟಿದ್ದು.”

“ಹೆಸರು ಹಾಕಿಸ್ಲಾರ್ದ ಪುಕ್ಕಟೆ ಯಾರ್ ಕೊಡ್ತಾರ್ರೀ?”

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ನಮ್ಮವರು ಮೊಳ ಹಾಕುವ ಗೋಜಿಗೂ ಹೋಗದೆ ದಟ್ಟಿಯನ್ನೇ ತಿಪ್ಪೆಗೆ ಎಸೆದಿದ್ದರು. ಪ್ರೋಗ್ರಾಮನ್ನು ಮತ್ತೆ ಹಾಕಿಕೊಳ್ಳುತ್ತೇನೆಂದರೆ ಪರವಾನಗಿ ಕೊಡಲಿಲ್ಲ. ಆವತ್ತಿನಿಂದ ಪಾಠದ ಟಿಪ್ಪಣಿ ಓದಿಸಿಕೊಳ್ಳಲು ಸಹೋದ್ಯೋಗಿಗಳ ಮುಂದೆ ನಿಲ್ಲತೊಡಗಿದೆ. ಅರ್ಧ ಪುಟ ಓದುವಷ್ಟರಲ್ಲಿ ಒಬ್ಬರಿಗೆ ಫೋನ್ ಬರುತ್ತಿತ್ತು, ಇನ್ನೊಬ್ಬರಿಗೆ ಚಹಾ.

ಕೊನೆಗೆ ಪ್ರಾಚಾರ್ಯರು ಒಬ್ಬ ಬೆಲ್ಲದ ವ್ಯಾಪಾರಿಯನ್ನು ಹಿಡಿದರು. ಆ ವ್ಯಾಪಾರಿ ನನಗಾಗಿ ಹೊಸ ಕಂಪ್ಯೂಟರನ್ನೂ ಅದರಲ್ಲೊಂದು ದುಬಾರಿ ಓದುವ ಪ್ರೋಗ್ರಾಮನ್ನೂ ಕೊಟ್ಟರು. ಯಾವ ಭಾಷೆ ಬೇಕೆಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳುವುದೇನು, ಕೊಡುವವರು ಅವರು! ಸಮಾರಂಭವಾಯಿತು. ಅವರಿಗೆ ಶಾಲು, ಹಾರ. ಕಂಪ್ಯೂಟರಿಗೆ ಅವರ ಹೆಸರಿನ ಹಿತ್ತಾಳೆ ಫಲಕ. ಎಲ್ಲರೆದುರು ಅದನ್ನು ನಡೆಸಿ ತೋರಿಸಲು ನನ್ನನ್ನು ವೇದಿಕೆಗೆ ಕೂಗಿದರು.

ಯಂತ್ರ ಇಂಗ್ಲಿಷನ್ನು ಚೆಂದಾಗಿ ಓದಿತು. ನನ್ನ ಕನ್ನಡ ಪಾಠ ತೆರೆದೆ. ಗಪ್‌ಚಿಪ್.

ಮನೆಯಿಂದ ಪೆನ್‌ಡ್ರೈವ್ ತಂದಿದ್ದೆ, ಅದರಲ್ಲಿ ನನ್ನ ಹಳೆಯ ಸ್ಕ್ರೀನ್ ರೀಡರ್ ಇತ್ತು. ಚುಚ್ಚಿ ಶುರು ಮಾಡಿದೆ. ಸ್ಪೀಕರಿನಿಂದ ಕನ್ನಡ ಹೊರಟಿತು. ಚಪ್ಪಾಳೆ ಬಿದ್ದವು. ವ್ಯಾಪಾರಿ ಮೈಕು ಹಿಡಿದರು.

“ನೋಡ್ರೀ, ನಾ ಕೊಟ್ಟ ಮಷೀನು ಎಷ್ಟ ಛಲೋ ಕನ್ನಡ ಓದತೈತಿ!”

ಮತ್ತೆ ಚಪ್ಪಾಳೆ. ನನಗೆ ತಡೆಯಲಾಗಲಿಲ್ಲ. ಅಲ್ಲೇ ಮೂರು ಸಾಲು ಟೈಪು ಮಾಡಿ ಓದಿಸಿದೆ. ಅದು ತನ್ನ ಎಂದಿನ ಒಣ ದನಿಯಲ್ಲಿ ಇಡೀ ಸಭೆಗೆ ಹೇಳಿತು: “ಈ ದನಿ ಕೊಟ್ಟವರು ಬೇರೆ. ಅವರು ಹೆಸರು ಹಾಕಿಸಲಿಲ್ಲ. ಅದಕ್ಕೇ ಈ ಕಾಲೇಜು ಅವರನ್ನು ಕಳ್ಳರೆಂದು ಹೊರಗೆ ಹಾಕಿತ್ತು.”

ಪ್ರಾಚಾರ್ಯರು ಗಡಬಡಿಸಿ ವಂದನಾರ್ಪಣೆ ಮುಗಿಸಿದರು.

ಸಂಜೆ ಸೂಪರಿಂಟೆಂಡೆಂಟರು ನನ್ನನ್ನು ಕರೆದರು.

“ಅದು ಇರ್ಲಿ ಬಿಡ್ರಿ ಮೇಡಂ, ಇನ್ನ ತಗ್ಯಂಗಿಲ್ಲ. ಆದ್ರ ದೇಣಿಗಿ ಯಾರ್ದು ಅಂತ ಬರ್ಕೋಬೇಕಲ್ರಿ?”

“ಕುರುಡ್ರು ಕೊಟ್ಟಿದ್ದು ಅಂತ ಬರೀರಿ,” ಅಂದೆ.

ಅವರು ಬರೆದುಕೊಳ್ಳಲೆಂದು ಮೇಜಿನ ಮುಂದೆ ಬಹಳ ಹೊತ್ತು ನಿಂತೆ. ಪೆನ್ನು ಆಡಿದ ಸದ್ದು ಕೇಳಿಸಲಿಲ್ಲ.